ಶೆಟ್ಟರ ಕಾರಿನ ಮೈಕು ಮತ್ತು ನನ್ನ ಮುನ್ನೆಚ್ಚರಿಕೆಗಳು

ಕಾರಿನ ವೈರಿಂಗ್ ಕೆಲಸದಲ್ಲಿ ನನ್ನಿಂದ ಯಾವ ಅಪಾಯವೂ ಸಂಭವಿಸಲಿಲ್ಲ ಎಂಬುದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ಕಿಡಿ ಹಾರಲಿಲ್ಲ, ಹೊಗೆ ಬರಲಿಲ್ಲ, ಯಾರಿಗೂ ಶಾಕ್ ಹೊಡೆಯಲಿಲ್ಲ. ವಿದ್ಯುತ್ತಿನ ದೃಷ್ಟಿಯಿಂದ ಅದೊಂದು ನಿರ್ದುಷ್ಟ ರಿಪೇರಿ. ಮಲಾಡಿನ ಜನ ಅದನ್ನು ಆ ದೃಷ್ಟಿಯಿಂದ ನೋಡಲಿಲ್ಲ, ಅಷ್ಟೇ.

ಎಂಬತ್ತರ ದಶಕದ ಕೊನೆಯ ಹೊತ್ತಿನ ಸಂಗತಿ ಇದು. ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಒಂದೇ ಘಟನೆಯನ್ನು ಮೂರು ಸಲ ಹೇಳುವಷ್ಟರಲ್ಲಿ ಅದರಲ್ಲಿ ನಾನು ಮೂರು ಪಾಲು ಬುದ್ಧಿವಂತನಾಗಿರುವುದನ್ನು ನಾನೇ ಗಮನಿಸಿದ್ದೇನೆ. ಅದಕ್ಕೇ ಕಾಲೇಜಿನ ದಿನಗಳಿಂದ ಪ್ರತಿ ಸಂಜೆ ಅರ್ಧ ಪುಟವಾದರೂ ಡೈರಿ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದೆ. ನೆನಪು ತಪ್ಪಬಹುದು, ಬರೆದದ್ದು ತಪ್ಪಲಾರದು ಎಂಬುದು ನನ್ನ ಸಿದ್ಧಾಂತವಾಗಿತ್ತು. ಆ ಸಿದ್ಧಾಂತ ಬಿದ್ದುಹೋದದ್ದು ಒಂದು ಭಾನುವಾರ, ಬೆಳಗಿನ ಹನ್ನೊಂದರಿಂದ ಹನ್ನೆರಡೂವರೆಯ ನಡುವೆ.

ನಮ್ಮ ಕಡೆ, ಅಂದರೆ ಬೊಂಬಾಯಿಯ ಮಲಾಡ್ ಪಶ್ಚಿಮದಲ್ಲಿ, ಒಂದು ಶಾಲೆಯ ಕೆಳಗಿನ ಮೂಲೆಕೋಣೆಯಲ್ಲಿ ಭಾನುವಾರದ ಕನ್ನಡ ತರಗತಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಲಲಿತಾಬಾಯಿ ಟೀಚರ್. ಧಾರವಾಡದ ಕಡೆಯವರು, ಒಬ್ಬರೇ ಇದ್ದರು. ಮನೆಯಲ್ಲಿ ಕನ್ನಡ ಕಿವಿಗೆ ಬಿದ್ದರೂ ಓದಲು ಬಾರದ ಮಕ್ಕಳಿಗೆ ಹನ್ನೊಂದು ವರ್ಷದಿಂದ ಅಕ್ಷರ ಕಲಿಸುತ್ತಿದ್ದರು. ಉಳಿದ ಆರು ದಿನ ಅವರು ಭಾನುವಾರಕ್ಕಾಗಿ ಸೀಮೆಸುಣ್ಣ ಕೂಡಿಡುತ್ತಿದ್ದರು ಎಂದರೆ ಹೆಚ್ಚೇನೂ ಅಲ್ಲ. ಆ ಜೂನ್‌ನಲ್ಲಿ ಶಾಲೆಯವರು ಅವರನ್ನು ಕರೆದು ಹೇಳಿದರು: ಕೋಣೆಗಾಗಿ ಕರಾಟೆ ಕ್ಲಾಸಿನವರು ಕಾದಿದ್ದಾರೆ. ಬರುವ ಭಾನುವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ರಿಜಿಸ್ಟರಿನಲ್ಲಿ ಇಪ್ಪತ್ತು ಹೆಸರಿದ್ದರೆ ಕನ್ನಡ, ಇಲ್ಲದಿದ್ದರೆ ಕರಾಟೆ.

ಇದ್ದದ್ದು ಹನ್ನೆರಡು ಹೆಸರು.

ಟೀಚರ್ ನೇರವಾಗಿ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಬಂದರು. ಸಮಿತಿ ಎಂದರೆ ನಾನು ಮತ್ತು ಭೋಜ ಶೆಟ್ಟರು. ಕಚೇರಿ ಎಂದರೆ ಸ್ಟೇಷನ್ ಹತ್ತಿರವಿದ್ದ ಶೆಟ್ಟರ ಹೋಟೆಲಿನ ಗಲ್ಲಾದ ಪಕ್ಕದ ಮೇಜು.

"ನನಗ ಪಗಾರ ಬ್ಯಾಡ, ಶಾಲು ಹೊದಿಸೂದು ಬ್ಯಾಡ. ಖೋಲಿ ಒಂದು ಉಳಿಸಿಕೊಡ್ರಿ ಮೂರ್ತಿಯವರ" ಎಂದರು ಟೀಚರ್. ಅವರ ಮುಂದಿದ್ದ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು.

ಶೆಟ್ಟರು ತಲೆ ಕೆರೆದುಕೊಂಡರು. "ನನ್ನ ಕಾರಿಗೆ ಗಣಪತಿ ಹಬ್ಬಕ್ಕೆ ಹಾಕಿಸಿದ ಮೈಕ್ ಸೆಟ್ ಉಂಟು. ಗಲ್ಲಿ ಗಲ್ಲಿ ಹೇಳಿಕೊಂಡು ಹೋದ್ರೆ ಎಂಟು ಮಕ್ಕಳು ಸಿಗ್ಲಿಕ್ಕಿಲ್ವಾ? ಆದ್ರೆ ಸೆಟ್ ಹಾಳಾಗಿದೆ. ಮಾತು ತುಂಡು ತುಂಡಾಗಿ ಬರ್ತದೆ. ಗ್ರಾಂಟ್ ರೋಡಿನ ರಿಪೇರಿಯವ ಎಂಟು ದಿನ ಬೇಕು ಅಂತಾನೆ."

"ಎಂಟು ದಿನ ಯಾಕೆ? ನಾನು ಸರಿ ಮಾಡುತ್ತೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ನನ್ನ ಮುಖ್ಯ ವಿಷಯ" ಎಂದೆ.

"ಮುಖ್ಯ ವಿಷಯ ಇರ್ಲಿ ಮಾರಾಯ್ರೆ. ಸ್ಕ್ರೂಡ್ರೈವರ್ ಉಂಟಾ?"

ಇರಲಿಲ್ಲ. ಶೆಟ್ಟರ ಮಿಕ್ಸರ್ ಬಿಚ್ಚುವ ಸ್ಕ್ರೂಡ್ರೈವರನ್ನೇ ತೆಗೆದುಕೊಂಡು ಹೊರಟೆ. ಟೀಚರ್ ನನ್ನತ್ತ ನೋಡಿದ ನೋಟದಲ್ಲಿ ಅಷ್ಟೊಂದು ಭರವಸೆ ಇತ್ತು ಎಂದು ಡೈರಿಯಲ್ಲಿದೆ. ಈಗ ಅದನ್ನು ಓದಿದರೆ, ಅವರು ನೋಡುತ್ತಿದ್ದದ್ದು ನನ್ನನ್ನೋ ನನ್ನ ಹಿಂದಿದ್ದ ಗಡಿಯಾರವನ್ನೋ ಎಂದು ಸಂಶಯವಾಗುತ್ತದೆ.

ಶನಿವಾರ ನನಗೆ ಅರ್ಧ ದಿನ ಆಫೀಸು. ಶೆಟ್ಟರು ತಮ್ಮ ಹಳೆಯ ಪದ್ಮಿನಿ ಕಾರನ್ನು ನಮ್ಮ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಿಲ್ಲಿಸಿ, ಕೀಲಿ ಕೊಟ್ಟು, ಊಟದ ಹೊತ್ತಿನ ಗಿರಾಕಿಗಳನ್ನು ನೋಡಿಕೊಳ್ಳಲು ಹೋದರು. ನಾನು ಸುರಕ್ಷತೆಯಿಂದ ಆರಂಭಿಸಿದೆ. ಕೈಗಡಿಯಾರ ಬಿಚ್ಚಿದೆ. ರಬ್ಬರ್ ಚಪ್ಪಲಿ ಹಾಕಿದೆ. ಮದುವೆಯ ಉಂಗುರ ಮಾತ್ರ ಬರಲಿಲ್ಲ.

"ಕಾರಲ್ಲಿ ಹನ್ನೆರಡೇ ವೋಲ್ಟ್ ಇರೋದು ಅಂತ ನೀವೇ ಹೇಳಿದ್ರಲ್ಲ, ಮತ್ತೆ ಉಂಗುರ ಯಾಕ್ರೀ ತೆಗೀಬೇಕು?" ಎಂದಳು ನನ್ನ ಹೆಂಡತಿ ವಿಶಾಲು, ಸೋಪು ಹಿಡಿದುಕೊಂಡು.

"ಹನ್ನೆರಡು ವೋಲ್ಟ್ ಮನುಷ್ಯನಿಗೆ ಏನೂ ಮಾಡೋದಿಲ್ಲ. ಆದರೆ ಉಂಗುರ ಒಂದು ಕಡೆ ಬ್ಯಾಟರಿಗೆ, ಇನ್ನೊಂದು ಕಡೆ ಕಾರಿನ ಮೈಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತೆ. ಬೆರಳು ಹೋಗುತ್ತೆ."

"ಹನ್ನೆರಡು ವರ್ಷದಿಂದ ಬರದೆ ಇದ್ದಿದ್ದು ಶೆಟ್ಟರ ಕಾರಿಗೋಸ್ಕರ ಬರ್ತಿದೆ ನೋಡಿ" ಎಂದು ಅವಳು ಎಳೆದಳು. ಬಂತು.

ಬ್ಯಾಟರಿಯ ಮೈನಸ್ ತುದಿಯನ್ನು ಮೊದಲು ಬಿಚ್ಚಿ, ಅದು ತಾನಾಗಿ ಮತ್ತೆ ತಾಗದಂತೆ ಬಟ್ಟೆ ಸುತ್ತಿದೆ. ಪ್ರತಿ ವೈರಿಗೂ ಕಾಗದದ ಚೀಟಿ ಕಟ್ಟಿ ಎಲ್ಲಿಂದ ಎಲ್ಲಿಗೆ ಎಂದು ಬರೆದೆ. ವೈರು ತಗಡಿನ ತೂತಿನಲ್ಲಿ ಹಾದುಹೋಗುವಲ್ಲಿ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದಿತ್ತು. ಅಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಸೇರಿಸಿ, ಮೇಲೆ ಟೇಪು ಸುತ್ತಿದೆ. ಫ್ಯೂಸಿನ ಜಾಗದಲ್ಲಿ ಯಾರೋ ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದ ತುರುಕಿದ್ದರು. ತೆಗೆದು ನಿಜವಾದ ಫ್ಯೂಸು ಹಾಕಿದೆ. ಈ ಭಾಗವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು, ಈ ಕತೆಯಲ್ಲಿ ನಾನು ಹೆಮ್ಮೆಪಡಬಹುದಾದ ಭಾಗ ಇಲ್ಲಿಗೆ ಮುಗಿಯುತ್ತದೆ ಎಂಬ ಕಾರಣಕ್ಕೆ.

ನಿಜವಾದ ದೋಷ ಇದ್ದದ್ದು ಮೈಕಿನಲ್ಲಿ. ಕೈಯಲ್ಲಿ ಹಿಡಿಯುವ ಮೈಕು ಅದು. ಪಕ್ಕದ ಗುಂಡಿ ಒತ್ತಿದರೆ ಮಾತು ಹೋಗಬೇಕು, ಬಿಟ್ಟರೆ ನಿಲ್ಲಬೇಕು. ಗುಂಡಿಯ ಒಳಗಿನ ಸ್ಪ್ರಿಂಗ್ ಮುರಿದಿತ್ತು. ಹೊಸ ಗುಂಡಿಗೆ ಗ್ರಾಂಟ್ ರೋಡಿಗೇ ಹೋಗಬೇಕು. ನಾನು ಯೋಚಿಸಿದೆ. ತಪ್ಪು ಮಾಡುತ್ತಿರುವುದು ಗುಂಡಿ. ಗುಂಡಿಯನ್ನೇ ಕೈಬಿಟ್ಟರೆ ತಪ್ಪೂ ಇಲ್ಲ. ಎರಡು ವೈರುಗಳನ್ನು ನೇರವಾಗಿ ಜೋಡಿಸಿದೆ. ಇನ್ನು ಮೈಕು ಸದಾ ಜಾಗೃತ, ಗುಂಡಿ ಅಲಂಕಾರಕ್ಕೆ. ಮಾತಿಲ್ಲದಾಗ ಆಂಪ್ಲಿಫೈಯರಿನ ದನಿ ತಗ್ಗಿಸಿದರೆ ಆಯಿತು. ಆಂಪ್ಲಿಫೈಯರ್ ಇದ್ದದ್ದು ಡ್ಯಾಶ್‌ಬೋರ್ಡಿನ ಕೆಳಗೆ, ಡ್ರೈವರನ ಮೊಣಕಾಲಿನ ಬಳಿ. ಹಾಗಾಗಿ ಆ ಕೆಲಸ ಶೆಟ್ಟರದು.

ಬ್ಯಾಟರಿ ಜೋಡಿಸಿ, ದನಿಯನ್ನು ಅರ್ಧಕ್ಕಿಂತ ಕೆಳಗಿಟ್ಟು, "ಹಲೋ, ಒಂದು, ಎರಡು, ಮೂರು" ಎಂದೆ. ಮಾತು ಇಡಿಯಾಗಿ ಬಂತು. ನೀರಿನ ಟ್ಯಾಂಕಿನ ಮೇಲಿದ್ದ ಕಾಗೆಗಳು ಒಟ್ಟಾಗಿ ಎದ್ದುಹೋದವು.

ಸಂಜೆ ಡೈರಿ ಬರೆದೆ: "ಮೈಕಿನ ಗುಂಡಿಯ ವೈರು ನೇರ ಜೋಡಿಸಿದ್ದೇನೆ. ಮಾತಿಲ್ಲದಾಗ ದನಿ ತಗ್ಗಿಸುವಂತೆ ಶೆಟ್ಟರಿಗೆ ತಿಳಿಸಿದೆ." ಶೆಟ್ಟರು ಇನ್ನೂ ಬಂದಿರಲಿಲ್ಲ. ಹೇಗೂ ಬರುತ್ತಾರೆ, ಹೇಗೂ ಹೇಳುತ್ತೇನೆ, ಬರೆದೇ ಬಿಡೋಣ ಎಂದು ಬರೆದೆ. ಬರೆದು ಸ್ನಾನಕ್ಕೆ ಹೋದೆ. ನಾನು ಹೊರಗೆ ಬರುವಷ್ಟರಲ್ಲಿ ಶೆಟ್ಟರು ವಿಶಾಲುವಿನಿಂದ ಕೀಲಿ ಪಡೆದು ಕಾರು ತೆಗೆದುಕೊಂಡು ಹೋಗಿಯಾಗಿತ್ತು. ಪರವಾಗಿಲ್ಲ ಅನ್ನಿಸಿತು. ಆ ವಿಷಯ ಡೈರಿಯಲ್ಲಿ ಮುಗಿದಿತ್ತಲ್ಲ.

ಭಾನುವಾರ ಟಿವಿಯಲ್ಲಿ ಪುರಾಣದ ಧಾರಾವಾಹಿ ಮುಗಿಯುವವರೆಗೆ ಕಾದೆವು. ಅದು ನಡೆಯುವಾಗ ದೇವರೇ ಬಂದು ಕೂಗಿದರೂ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ. ಹನ್ನೊಂದಕ್ಕೆ ಹೊರಟೆವು. ಶೆಟ್ಟರು ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ ಮೈಕು ಹಿಡಿದು, ಕಾರಿನ ಮೇಲೆ ಕಹಳೆಯಂಥ ಎರಡು ಸ್ಪೀಕರು. ಶೆಟ್ಟರು ದನಿಯನ್ನು ಪೂರ್ತಿ ಏರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಸ್ಪೀಕರು ಕಿಂಯ್ ಎಂದು ಕಿರುಚಿತು. ಶೆಟ್ಟರು ಕಿವಿ ಮುಚ್ಚಿಕೊಂಡರು.

"ಹೊರಗಿನ ಸದ್ದು ಕಿಟಕಿಯಿಂದ ಮತ್ತೆ ಮೈಕಿಗೆ ಬರುತ್ತಿದೆ. ಗಾಜು ಏರಿಸಿ" ಎಂದೆ. ಏರಿಸಿದೆವು. ಕಿರುಚಾಟ ನಿಂತಿತು. ಶೆಟ್ಟರ ಮುಖದಲ್ಲಿ ಮೊದಲ ಸಲ ನನ್ನ ಪದವಿಯ ಬಗ್ಗೆ ಗೌರವ ಕಂಡಿತು.

"ಮಲಾಡಿನ ಸಮಸ್ತ ಕನ್ನಡಿಗರಲ್ಲಿ ವಿನಂತಿ. ನಮ್ಮ ಮಕ್ಕಳಿಗೆ ನಮ್ಮ ನುಡಿಯನ್ನು ಕಲಿಸುವುದು ನಮ್ಮ ಕರ್ತವ್ಯ. ಇಂದೇ ನಿಮ್ಮ ಮಕ್ಕಳ ಹೆಸರನ್ನು ನೋಂದಾಯಿಸಿ. ಲಲಿತಾಬಾಯಿ ಟೀಚರ್ ಶಾಲೆಯಲ್ಲಿ ಕಾದಿದ್ದಾರೆ." ಇದನ್ನು ಎರಡೆರಡು ಸಲ ಹೇಳಿ, ಮೈಕನ್ನು ತೊಡೆಯ ಮೇಲಿಟ್ಟುಕೊಂಡೆ. ಶೆಟ್ಟರ ಕೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ದನಿ ತಗ್ಗಿಸಿದರು ಎಂದುಕೊಂಡೆ. ಅವರು ಅಲ್ಲಿಟ್ಟಿದ್ದ ಎಲೆಯಡಿಕೆ ಡಬ್ಬಿ ತೆಗೆದುಕೊಂಡರು.

ಗಾಜು ಮುಚ್ಚಿದ ಹಳೆಯ ಕಾರು, ಜೂನ್ ತಿಂಗಳ ಸೆಕೆ, ಒಳಗೆ ಎಂಜಿನ್ನಿನ ಗಡಗಡ. ಬೆವರು ಒರೆಸುತ್ತ ಮಾತು ಶುರುವಾಯಿತು. ಮುಂದಿನದು ನನ್ನ ನೆನಪಿನಿಂದ ಬರೆಯುತ್ತಿರುವುದಲ್ಲ. ಕೇಳಿದ ಹಲವಾರು ಕುಟುಂಬಗಳು ಆಮೇಲೆ ನನಗೆ ಒಪ್ಪಿಸಿದ ಪಾಠ. ಇಷ್ಟು ಸಾಕ್ಷಿಗಳಿರುವ ಸಂಭಾಷಣೆ ನನ್ನ ಜೀವನದಲ್ಲಿ ಬೇರೊಂದಿಲ್ಲ.

"ನಿಮ್ಮ ಮಗಳು ಶುಭಾ ಟೀಚರ ಕ್ಲಾಸಿಗೆ ಹೋಗ್ತಾಳಲ್ವಾ?" ಎಂದು ಶೆಟ್ಟರು ಕೇಳಿದರು.

"ಎಲ್ಲಿ ಶೆಟ್ರೇ. ಭಾನುವಾರ ಅವಳಿಗೆ ಸ್ಕಾಲರ್‌ಶಿಪ್ ಪರೀಕ್ಷೆಯ ಟ್ಯೂಷನ್. ನಾವಿರೋದು ಬೊಂಬಾಯಲ್ಲಿ. ಕನ್ನಡ ಓದಿ ಅವಳು ಏನು ಮಾಡ್ತಾಳೆ, ಹೇಳಿ? ಮನೇಲಿ ಮಾತಾಡ್ತಾಳೆ, ಸಾಕು."

"ನನ್ನ ಹೆಣ್ಣುಮಕ್ಕಳದ್ದೂ ಅದೇ ಕತೆ. ನಾನು ಕಾರು ಕೊಟ್ಟದ್ದು ಟೀಚರ ಮುಖ ನೋಡಲಿಕ್ಕಾಗದೆ."

"ಪಾಪ ಅವರು. ಆದರೆ ಒಂದು ಮಾತು ಹೇಳ್ತೀನಿ, ನಮ್ಮಲ್ಲೇ ಇರಲಿ. ಅವರ ಪಾಠ ಮೂವತ್ತು ವರ್ಷ ಹಿಂದಿನದು. ಒಂದೇ ಅಕ್ಷರ ನೂರು ಸಲ ತಿದ್ದಿಸ್ತಾರೆ. ಮಕ್ಕಳು ನಿಲ್ಲಬೇಕು ಅಂದ್ರೆ ಹೇಗೆ ನಿಲ್ತಾರೆ? ಕ್ಲಾಸು ಮುಚ್ಚಿದರೆ ಅವರಿಗೂ ಒಂದು ಲೆಕ್ಕದಲ್ಲಿ ವಿಶ್ರಾಂತಿ."

"ನಮ್ಮಲ್ಲೇ ಇರಲಿ" ಎಂಬ ಮಾತು ಆಗ ಮಾರ್ಕೆಟ್ಟಿನ ತಿರುವಿನಲ್ಲಿತ್ತು ಎಂದು ಒಬ್ಬರು ಹೇಳುತ್ತಾರೆ. ಶಾಲೆಯ ಗೇಟಿನ ಮುಂದಿತ್ತು ಎಂದು ವಿಶಾಲು, ಆಮೇಲೆ ಟೀಚರಿಂದಲೇ ಕೇಳಿದವಳು. ಅವಳದೇ ಸರಿ ಇರಬೇಕು.

ಶೆಟ್ಟರು ಕಿವಿ ಅತ್ತಿತ್ತ ಮಾಡಿದರು. "ಎಲ್ಲೋ ಯಾರೋ ಕನ್ನಡದಲ್ಲಿ ಮಾತಾಡಿದ ಹಾಗೆ ಕೇಳ್ತದೆ."

"ನೋಡಿ ಶೆಟ್ರೇ, ಅರ್ಧ ಗಂಟೆಯ ಪ್ರಚಾರ. ಆಗಲೇ ಜಾಗೃತಿ" ಎಂದೆ.

ಬಾಲ್ಕನಿಗಳಲ್ಲಿ ಜನ ನಿಂತಿದ್ದರು. ಒಬ್ಬರು ಕೈ ಆಡಿಸಿದರು, ನಾನೂ ಆಡಿಸಿದೆ. ಲುಂಗಿ ಉಟ್ಟ ಒಬ್ಬರು ಕಾರಿನ ಹಿಂದೆ ಓಡಿಬಂದು ಡಿಕ್ಕಿಯನ್ನು ಬಡಿದರು. "ಮಗುವಿನ ಹೆಸರು ಬರೆಸಲಿಕ್ಕೆ ಎಂಥ ಅವಸರ ನೋಡಿ" ಎಂದರು ಶೆಟ್ಟರು. "ಶಾಲೆಗೆ ಹೋಗಲಿ ಬಿಡಿ" ಎಂದೆ. ಶೆಟ್ಟರು ವೇಗ ಹೆಚ್ಚಿಸಿದರು.

ನಮ್ಮ ಬಿಲ್ಡಿಂಗಿನ ರಸ್ತೆಗೆ ಬಂದಾಗ ನಟ್ಟನಡುವೆ ವಿಶಾಲು ನಿಂತಿದ್ದಳು. ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈಯನ್ನು ಟ್ರಾಫಿಕ್ ಪೊಲೀಸರಂತೆ ಚಾಚಿದ್ದಳು. ಶೆಟ್ಟರು ಬ್ರೇಕ್ ಹಾಕಿದರು. ಅವಳು ಬಂದು ನನ್ನ ಗಾಜಿನ ಮೇಲೆ ಸೌಟಿನಿಂದ ತಟ್ಟಿದಳು. ಏನಾಯಿತೋ ಎಂದು ಗಾಜು ಇಳಿಸಿದೆ.

ಸ್ಪೀಕರು ಕಿಂಯ್ ಎಂದು ಕಿರುಚಿತು.

ಭೌತಶಾಸ್ತ್ರದ ಯಾವ ಪಾಠವೂ ನನಗೆ ಅಷ್ಟು ಬೇಗ ಅರ್ಥವಾದದ್ದಿಲ್ಲ. ತೊಡೆಯ ಮೇಲಿದ್ದ ಮೈಕನ್ನು ನೋಡಿದೆ. ಅದು ಬೆಳಗಿನಿಂದ ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿತ್ತು. ಶೆಟ್ಟರು ತಡಕಾಡಿ ಸೆಟ್ ಬಂದ್ ಮಾಡಿದರು.

"ಎಲ್ಲಾ ಕೇಳಿಸ್ತು ರೀ. ಎಲ್ಲಾ ಅಂದ್ರೆ ಎಲ್ಲಾ" ಎಂದಳು ವಿಶಾಲು.

"ಶೆಟ್ರೇ, ಮಾತಿಲ್ಲದಾಗ ದನಿ ತಗ್ಗಿಸಿ ಅಂತ ಹೇಳಿದ್ದೆನಲ್ಲ" ಎಂದೆ.

"ನನಗಾ? ಯಾವಾಗ?"

"ನಿನ್ನೆ. ಡೈರಿಯಲ್ಲಿ ಬರೆದಿದ್ದೇನೆ."

"ಹಾಗಾದ್ರೆ ಡೈರಿಗೆ ಹೇಳಿದ್ದೀರಿ ಮಾರಾಯ್ರೆ, ನನಗಲ್ಲ."

ಪಕ್ಕದ ಮನೆಯ ಮರಾಠಿ ಗೃಹಸ್ಥರು, ಕನ್ನಡ ಒಂದಕ್ಷರ ತಿಳಿಯದವರು, ಬಾಲ್ಕನಿಯಿಂದ ಬಗ್ಗಿ, "ಭಾಷಣ್ ಬಹುತ್ ಅಚ್ಛಾ ಥಾ ಮೂರ್ತಿ ಸಾಬ್" ಎಂದರು. ಆ ದಿನ ನನಗೆ ಸಿಕ್ಕ ಪ್ರಶಂಸೆ ಅದೊಂದೇ. ಅವರ ಪಕ್ಕದ ನಮ್ಮ ಬಾಲ್ಕನಿಯಲ್ಲಿ ಹತ್ತು ವರ್ಷದ ಶುಭಾ ನಿಂತಿದ್ದಳು, ಆಗಷ್ಟೇ ಟ್ಯೂಷನ್‌ನಿಂದ ಬಂದವಳು. "ಪಪ್ಪಾ, ಸ್ಪೀಕರಲ್ಲಿ ನನ್ ನೇಮ್ ಯಾಕೆ ತಗೊಂಡಿ? ನನಗೆ ಯಾರೂ ಪೂಛೇ ಇಲ್ಲ, ಕನ್ನಡ ಬೇಕಾ ಅಂತ."

ಅದು ನಿಜವಾಗಿತ್ತು. ನಾನು ಅವಳನ್ನು ಎಂದೂ ಕೇಳಿರಲಿಲ್ಲ. ಅವಳಿಗೆ ಸಮಯವಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೆ, ಅಷ್ಟೆ.

ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಮಾಡುತ್ತಿದ್ದೆನೇನೋ. ವಿಶಾಲು ಸೌಟನ್ನು ಕಾವಲುಗಾರನ ಕೈಗೆ ಕೊಟ್ಟು, ಶುಭಾಳನ್ನು ಕೆಳಗೆ ಕರೆದು, ಕಾರಿನ ಹಿಂದಿನ ಬಾಗಿಲು ತೆಗೆದು ಕೂತಳು. "ಶಾಲೆಗೆ ನಡೀರಿ" ಎಂದಳು. ಶೆಟ್ಟರು ಗಾಡಿ ತಿರುಗಿಸಿದರು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಸೆಟ್ ಬಂದ್ ಆಗಿದ್ದರೂ.

ಟೀಚರ್ ಮೂಲೆಕೋಣೆಯಲ್ಲಿ ರಿಜಿಸ್ಟರ್ ಮುಂದಿಟ್ಟುಕೊಂಡು ಕೂತಿದ್ದರು. ಬೋರ್ಡಿನ ಮೇಲೆ ಬೆಳಗಿನ ಪಾಠದ ಒಂದೇ ಅಕ್ಷರ ಸಾಲು ಸಾಲಾಗಿತ್ತು. ಅವರ ಮುಂದೆ ನಾಲ್ಕು ಹೊಸ ಮಕ್ಕಳು ಮತ್ತು ಅವರ ತಾಯಂದಿರು.

"ಟೀಚರ್, ಮೈಕಿನ ಗುಂಡಿಯಲ್ಲಿ ಒಂದು ದೋಷವಿತ್ತು" ಎಂದು ಆರಂಭಿಸಿದೆ.

"ಗುಂಡಿ ಮಾತಾಡಿತೇನ್ರಿ?"

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರ ಕಣ್ಣು ಕೆಂಪಗಿದ್ದವು. ಸೀಮೆಸುಣ್ಣದ ಧೂಳು ಎಂದು ಅಂದು ಡೈರಿಯಲ್ಲಿ ಬರೆದೆ. ಈಗ ಆ ಸಾಲನ್ನು ಹೊಡೆದುಹಾಕಿದ್ದೇನೆ.

"ನೀವು ಸುಳ್ಳೇನೂ ಹೇಳಿಲ್ಲ ಬಿಡ್ರಿ. ನಂದು ಹಳೇ ಪದ್ಧತಿ, ಖರೆ. ನೂರು ಸಲ ತಿದ್ದಸ್ತೀನಿ, ಅದೂ ಖರೆ. ಆದ್ರ ಅದನ್ನ ನನ್ನ ಮುಂದ ಹೇಳಿದ್ರ ನಾ ಬದಲಿ ಮಾಡ್ತಿದ್ದೆ. ಮಲಾಡಿನ ಮುಂದ ಹೇಳಿದ್ರ ಮಲಾಡ್ ಏನ್ ಮಾಡ್ತದ?"

ತಪ್ಪಾಯಿತು ಎಂದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಮೊದಲ ಬೆಂಚಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ಹೊಸದಾಗಿ ಬಂದಿದ್ದ ತಾಯಿಯೊಬ್ಬರು ನನ್ನ ಕಡೆ ತಿರುಗಿದರು. "ನೀವು ಶುಭಾ ಬಗ್ಗೆ ಹೇಳಿದ ಕಾರಣವನ್ನೇ ನಾನೂ ನನ್ನ ಎರಡು ಮಕ್ಕಳಿಗೆ ಹೇಳ್ತಿದ್ದೆ. ನಾನು ಹೇಳುವಾಗ ಸರಿ ಅನ್ನಿಸ್ತಿತ್ತು. ಸ್ಪೀಕರಲ್ಲಿ ನಿಮ್ಮ ದನಿಯಲ್ಲಿ ಕೇಳಿದ ಮೇಲೆ ಅಸಹ್ಯ ಆಯ್ತು. ಕರ್ಕೊಂಡು ಬಂದೆ."

ನನ್ನ ವಿನಂತಿಯನ್ನು ಕೇಳಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಉಳಿದವರ ಮುಖ ನೋಡಿದೆ. ಇರಲಿಲ್ಲ.

ಟೀಚರ್ ಎಣಿಸಿದರು. ಹದಿನಾರು. ಗಂಟೆ ಹನ್ನೆರಡೂ ಮುಕ್ಕಾಲು. ಶೆಟ್ಟರು ಗಂಟಲು ಸರಿಮಾಡಿಕೊಂಡು ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರು ಹೇಳಿದರು. ಹದಿನೆಂಟು. ಶುಭಾ ನನ್ನನ್ನು ಕೇಳದೆ ತಾನೇ ಮುಂದೆ ಹೋಗಿ, "ಶುಭಾ ಮೂರ್ತಿ, ಫಿಫ್ತ್ ಸ್ಟ್ಯಾಂಡರ್ಡ್" ಎಂದಳು. ಹತ್ತೊಂಬತ್ತು. ಬಾಗಿಲಲ್ಲಿ ಶಾಲೆಯ ಗುಮಾಸ್ತರು ಬಂದು ನಿಂತರು. ಅವರ ಹಿಂದೆ ಬಿಳಿ ಪೋಷಾಕಿನಲ್ಲಿ ಕರಾಟೆಯ ಮಾಸ್ತರು, ಕೋಣೆಯ ಅಗಲವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು.

ಯಾರೂ ಬರಲಿಲ್ಲ. ಟೀಚರ್ ಪೆನ್ನಿನ ಮುಚ್ಚಳ ಹಾಕತೊಡಗಿದರು.

"ಟೀಚರ್, ವಯಸ್ಸಿನ ಕಂಡೀಶನ್ ಏನಾದ್ರೂ ಇದೆಯಾ?" ಎಂದಳು ವಿಶಾಲು.

ನಾನು ತಿರುಗಿ ನೋಡಿದೆ. ವಿಶಾಲು ಮಾಟುಂಗಾದಲ್ಲಿ ಹುಟ್ಟಿ ಬೆಳೆದವಳು, ಮರಾಠಿ ಮಾಧ್ಯಮದಲ್ಲಿ ಓದಿದವಳು. ಕನ್ನಡ ಸೊಗಸಾಗಿ ಮಾತಾಡುತ್ತಾಳೆ. ಊರಿಗೆ ಮರಳಿದ ಅವಳ ತಾಯಿ ಬರೆಯುವ ಕಾಗದವನ್ನು ಮಾತ್ರ ನಾನು ಓದಿ ಹೇಳಬೇಕು. ಹನ್ನೆರಡು ವರ್ಷದಿಂದ ಓದಿ ಹೇಳುತ್ತಿದ್ದೆ, ಅದೊಂದು ಉಪಕಾರವೆಂಬಂತೆ. ಅವಳಿಗೂ ಕಲಿಯುವ ಆಸೆ ಇರಬಹುದು ಎಂಬುದು ನನ್ನ ತಲೆಗೂ ಬಂದಿರಲಿಲ್ಲ, ಡೈರಿಗೂ ಬಂದಿರಲಿಲ್ಲ.

"ಕಲಿಯಾಕ ಬಂದವರಿಗೆ ಎಂಥಾ ವಯಸ್ಸವ್ವಾ?" ಎಂದು ಟೀಚರ್ ಮುಚ್ಚಳ ತೆಗೆದರು. ಗುಮಾಸ್ತರು ನಿಯಮ ಹುಡುಕುವ ಮೊದಲೇ ಹೆಸರು ಬರೆದಾಗಿತ್ತು. ಇಪ್ಪತ್ತು. ಕರಾಟೆ ಮಾಸ್ತರು ಎಲ್ಲರಿಗೂ ಬಗ್ಗಿ ನಮಸ್ಕರಿಸಿ ಹೊರಟುಹೋದರು. ಆ ದಿನ ಅತ್ಯಂತ ಘನತೆಯಿಂದ ನಡೆದುಕೊಂಡವರು ಅವರು.

ಟೀಚರ್ ಅಂದಿನಿಂದ ನೂರು ಸಲ ತಿದ್ದಿಸುವುದನ್ನು ನಿಲ್ಲಿಸಿದರು. ಅಕ್ಷರ ಕಲಿತವರಿಗೆ ಕೂಡಲೇ ಸಣ್ಣ ಸಣ್ಣ ವಾಕ್ಯ ಬರೆಯಲು ಕೊಡತೊಡಗಿದರು. ನನ್ನ ಟೀಕೆಯಿಂದ ತರಗತಿಗೆ ಒಳಿತೇ ಆಯಿತು ಎಂದು ನಾನು ಒಳಗೊಳಗೇ ಸ್ವಲ್ಪ ಉಬ್ಬಿದ್ದೆ. ದೀಪಾವಳಿಯ ಹೊತ್ತಿಗೆ ಒಂದು ದಿನ ವಿಶಾಲುವಿನ ನೋಟ್‌ಬುಕ್ ಮೇಜಿನ ಮೇಲೆ ತೆರೆದಿತ್ತು. "ನಮ್ಮ ಮನೆಯಲ್ಲಿ ಒಬ್ಬರು" ಎಂಬ ವಿಷಯದ ಮೇಲೆ ನಾಲ್ಕು ವಾಕ್ಯ ಬರೆಯಬೇಕಿತ್ತು. ದುಂಡಗಿನ, ಎಚ್ಚರದ ಅಕ್ಷರಗಳಲ್ಲಿ ಅವಳು ಬರೆದಿದ್ದಳು:

"ಇವರು ನನ್ನ ಯಜಮಾನರು. ಇವರು ತುಂಬಾ ಓದಿದ್ದಾರೆ. ಇವರು ಎಲ್ಲವನ್ನೂ ರಿಪೇರಿ ಮಾಡುತ್ತಾರೆ. ಆಮೇಲೆ ನಾವು ಬೇರೆಯವರನ್ನು ಕರೆಸುತ್ತೇವೆ."

ತಪ್ಪು ಸಿಕ್ಕೀತೆಂದು ಎರಡು ಸಲ ಓದಿದೆ. ಒಂದೂ ಇರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಲಲಿತಾಬಾಯಿ ಟೀಚರ್ ಬರೆದಿದ್ದರು: "ಚೆನ್ನಾಗಿದೆ. ವಿಷಯ ಬಹಳ ಇದೆ, ಇನ್ನೂ ವಿವರವಾಗಿ ಬರೆಯಿರಿ."